ಹಾಸ್ಟೆಲ್ ಕೋಣೆಯೋ, ಹಂಚಿಕೊಂಡ ಮನೆಯೋ: ಸ್ಟುಟ್‌ಗಾರ್ಟ್‌ನಲ್ಲಿ ಎರಡರಲ್ಲೂ ಇದ್ದು ನೋಡಿದೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಓದಲು ಹೊರಟವರು ನನ್ನನ್ನು ಮೊದಲು ಕೇಳುವುದೇ ಎಲ್ಲಿ ಇರೋದು ಅಂತ. ಮೊದಲ ವರ್ಷ ನಾನು ಫೈಹಿಂಗನ್ ಕ್ಯಾಂಪಸ್ ಪಕ್ಕದ ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿದ್ದೆ. ಈಗ ಇದೇ ಊರಿನ ಬಾಡ್ ಕಾನ್‌ಸ್ಟಾಟ್ ಭಾಗದ ಒಂದು ‘ವೇಗೇ’ಯಲ್ಲಿದ್ದೇನೆ. ನಾಲ್ಕು ಜನ ಸೇರಿ ಫ್ಲ್ಯಾಟ್ ಹಿಡಿಯುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ತಲೆಗೊಂದು ಕೋಣೆ, ಅಡುಗೆಮನೆ ಬಚ್ಚಲು ಎಲ್ಲರಿಗೂ ಸೇರಿ.

ದುಡ್ಡಿನಲ್ಲಿ ಹಾಸ್ಟೆಲ್ಲೇ ಗೆದ್ದಿತು. ಅಲ್ಲಿ ಎಲ್ಲ ಸೇರಿ ತಿಂಗಳಿಗೆ 340 ಯೂರೋ ಕೊಡುತ್ತಿದ್ದೆ, ಇಲ್ಲಿ 510. ಜಾಹೀರಾತಿನಲ್ಲಿ ‘ಕಾಲ್ಟ್’ ಬಾಡಿಗೆ ಅಂತಿದ್ದರೆ ಹೀಟರ್, ನೀರಿನ ಖರ್ಚು ಬೇರೆ. ಅವೂ ಸೇರಿದ ‘ವಾರ್ಮ್’ ಬಾಡಿಗೆ ಎಷ್ಟು ಅಂತ ಕೇಳಿಯೇ ಲೆಕ್ಕ ಹಾಕಿ. ರೇಡಿಯೋ-ಟಿವಿ ಶುಲ್ಕದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ. ಹಾಸ್ಟೆಲ್‌ನಲ್ಲಿ ನನ್ನ ಬಾಗಿಲು ನೇರ ಕಾರಿಡಾರಿಗೆ ತೆರೆಯುತ್ತಿತ್ತು, ಹಾಗಾಗಿ ಆ ಕೋಣೆಯೇ ಒಂದು ಮನೆ ಅಂತ ಲೆಕ್ಕ. ಪೂರ್ತಿ ನಾನೇ ಕಟ್ಟಿದೆ. ಇಲ್ಲಿ ನಾಲ್ವರಿಗೆ ಹಂಚಿ 4.59.

ದೂರ ದೊಡ್ಡ ವಿಷಯವೇ ಅಲ್ಲ. ಎಸ್1, ಎಸ್2, ಎಸ್3, ಯಾವ ರೈಲು ಹತ್ತಿದರೂ ಕಾನ್‌ಸ್ಟಾಟ್‌ನಿಂದ ನೇರ ವಿಶ್ವವಿದ್ಯಾಲಯದ ಸ್ಟೇಷನ್‌ಗೆ ಇಳಿಸುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಅಡುಗೆಮನೆಯಲ್ಲಿ. ಹಾಸ್ಟೆಲ್‌ನಲ್ಲಿ ಹನ್ನೆರಡು ಜನಕ್ಕೆ ಒಂದು ಅಡುಗೆಮನೆ. ಸಂಜೆ ಏಳಕ್ಕೆ ಒಲೆಗೆ ಪಾಳಿ. ಆದರೆ ಅರ್ಧಕ್ಕರ್ಧ ನಮ್ಮವರೇ ಇದ್ದದ್ದರಿಂದ ಒಗ್ಗರಣೆಯ ಘಾಟಿಗೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಸಾರಿನ ಪುಡಿ ಮುಗಿದರೆ ಪಕ್ಕದ ಕೋಣೆ ಬಾಗಿಲು ತಟ್ಟಿದರಾಯಿತು. ನವೆಂಬರಿನಲ್ಲಿ ಜ್ವರ ಬಂದು ಮಲಗಿದಾಗ ಆಂಧ್ರದ ಹುಡುಗನೊಬ್ಬ ಮೂರು ದಿನ ಗಂಜಿ ಮಾಡಿ ತಂದುಕೊಟ್ಟ. ಅದನ್ನು ಮರೆಯೋಕಾಗಲ್ಲ. ಆದರೆ ಆ ವರ್ಷವಿಡೀ ಜರ್ಮನ್‌ನಲ್ಲಿ ನಾನು ಬ್ರೆಡ್ ಅಂಗಡಿಯಲ್ಲಿ ಮಾತ್ರ ಬಾಯಿಬಿಟ್ಟೆ.

ವೇಗೇಗೆ ಬಂದ ಮೊದಲ ವಾರ, ಈ ಕಡೆಯವಳೇ ಆದ ಜೊತೆಗಾತಿ ಶ್ಪೆಟ್ಸ್‌ಲೆ ಅನ್ನುವ ಇಲ್ಲಿನ ಶಾವಿಗೆಯಂಥದ್ದನ್ನು ಮಾಡಲು ಕಬ್ಬಿಣದ ಒಂದು ಒತ್ತು ತೆಗೆದಳು. ಎರಡು ಹಿಡಿ, ತಳದಲ್ಲಿ ತೂತು. ನಮ್ಮಜ್ಜಿಯ ಶಾವಿಗೆ ಒರಳಿನ ತಮ್ಮನ ಹಾಗಿತ್ತು! ಮೊಟ್ಟೆ ಹಾಕಿ ಕಲಸಿದ ಮೈದಾ ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ, ತೇಲಿ ಬಂದದ್ದನ್ನು ಜಾಲರಿ ಸೌಟಿನಲ್ಲಿ ಎತ್ತುತ್ತಿದ್ದಳು. ಮಾರನೇ ಭಾನುವಾರ ಅದೇ ಒತ್ತಿನಲ್ಲಿ ನಾನು ಅಕ್ಕಿ ಶಾವಿಗೆ ಒತ್ತಿದೆ. ಎಳೆ ಸ್ವಲ್ಪ ದಪ್ಪ ಬಂತು, ನಿಂಬೆಹಣ್ಣು ಹಿಂಡಿ ಚಿತ್ರಾನ್ನದ ಹಾಗೆ ಕಲಸಿದ್ದು ತಟ್ಟೆಯಲ್ಲಿ ಉಳಿಯಲಿಲ್ಲ. ಒತ್ತು, ಹಿಟ್ಟು, ಕುದಿ, ಉಪ್ಪು ಎಲ್ಲದರ ಜರ್ಮನ್ ಮಾತನ್ನು ಆ ಒಲೆ ಮುಂದೆಯೇ ಕಲಿತೆ.

ಇನ್ನು ಕೇರ್‌ವೋಖೆ. ಈ ಸೀಮೆಯ ಹಳೇ ಪದ್ಧತಿ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಪುಟ್ಟ ಬೋರ್ಡ್ ತೂಗುಹಾಕುತ್ತಾರೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ನಿಮ್ಮ ಕೆಲಸ. ಹಾಸ್ಟೆಲ್‌ನಲ್ಲಿ ಅದಕ್ಕೆ ಬೇರೆ ಜನ ಬರುತ್ತಿದ್ದರು. ಇಲ್ಲಿ ಮೆಟ್ಟಿಲು ಒರೆಸುತ್ತಲೇ ಕೆಳಗಿನ ಮನೆಯ ಅಜ್ಜಿಯ ಪರಿಚಯವಾಯಿತು. ಕೈಗಂಬಿಯನ್ನೂ ಒರೆಸಬೇಕು ಅಂತ ಹೇಳಿಕೊಟ್ಟವರು ಅವರೇ. ಈಗ ಮೆಟ್ಟಿಲಲ್ಲಿ ಸಿಕ್ಕರೆ ಹತ್ತು ನಿಮಿಷ ಮಾತು.

ನನ್ನ ಮಟ್ಟಿಗೆ 170 ಯೂರೋ ಜಾಸ್ತಿ ಕೊಟ್ಟರೂ ವೇಗೇಯೇ ಸರಿ. ಆದರೆ ಬಂದಿಳಿದ ಹೊಸದರಲ್ಲಿ ಅಲ್ಲ. ಮೊದಲ ಚಳಿಗಾಲಕ್ಕೆ ಹಾಸ್ಟೆಲ್ಲೇ ಇರಲಿ. ಸೀಟು ಸಿಕ್ಕ ದಿನವೇ ಅರ್ಜಿ ಹಾಕಿ, ಕಾಯುವವರ ಪಟ್ಟಿ ಉದ್ದ ಇರುತ್ತದೆ. ವೇಗೇ ನೋಡಲು ಹೋದಾಗ ವಾಸದ ದೃಢೀಕರಣ ಪತ್ರ ಕೊಡುತ್ತಾರಾ ಅಂತ ಮೊದಲೇ ಕೇಳಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಲು ಅದು ಬೇಕೇ ಬೇಕು. ಕೊಡಲ್ಲ ಅಂದರೆ ಮನೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.