ಟ್ರೇಲರ್ ಹೇರಿಗೆ 12 ಮಿ.ಮೀ. ನೀಲಿ ಹಗ್ಗ: ಬಲ ಸಾಕು, ಗಂಟು ಜಾರುತ್ತದೆ

ಭತ್ತದ ಹುಲ್ಲಿನ ಪೆಂಡಿಗಳನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸಾಗಿಸಲು ಕೊಂಡ, ಮೂರು ಎಳೆಯ ಹುರಿಯಿರುವ 12 ಮಿ.ಮೀ. ದಪ್ಪದ ನೀಲಿ ಪಾಲಿಪ್ರೊಪಿಲೀನ್ ಹಗ್ಗವನ್ನು ಒಂದು ಸುಗ್ಗಿ ಪೂರ್ತಿ ಬಳಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಇದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಕೆಜಿಗೆ ಸುಮಾರು 15 ಮೀಟರ್ ಬರುತ್ತದೆ. ನೈಲಾನ್ ಎಂದು ಹೇಳಿ ಕೊಟ್ಟರೆ ಒಂದು ತುಂಡನ್ನು ನೀರಿಗೆ ಹಾಕಿ ನೋಡಬಹುದು: ಇದು ತೇಲುತ್ತದೆ, ನೈಲಾನ್ ಮುಳುಗುತ್ತದೆ.

ಈ ದಪ್ಪದ ಹೊಸ ಹಗ್ಗ ಹರಿಯಲು ಸುಮಾರು ಎರಡು ಟನ್ ಸೆಳೆತ ಬೇಕಾಗುವುದರಿಂದ, ಗಂಟು ಹಾಕಿದಲ್ಲಿ ಬಲ ಅರ್ಧದಷ್ಟು ತಗ್ಗಿದರೂ ಹುಲ್ಲಿನ ಹೇರಿಗೆ ಕೊರತೆಯಾಗದು. ತೊಂದರೆಯಿರುವುದು ಅದರ ನುಣುಪಿನಲ್ಲಿ. ಹೇರಿನ ಮೇಲಿಂದ ಇಳಿದ ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಟ್ರೇಲರಿನ ಕೊಕ್ಕೆಯ ಕೆಳಗಿಂದ ತಂದು, ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗುವ ಲಾರಿಯವರ ಕಟ್ಟು ಇಲ್ಲಿಯೂ ಚೆನ್ನಾಗಿ ಬಿಗಿಯುತ್ತದೆ. ಲೆಕ್ಕದ ಪ್ರಕಾರ ಕೈಬಲ ಮೂರು ಪಟ್ಟಾಗಬೇಕು. ಹಗ್ಗದ ಮೇಲೆ ಹಗ್ಗ ಉಜ್ಜುವುದರಿಂದ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಆದರೆ ತೆಂಗಿನ ನಾರಿನ ಹಗ್ಗದಲ್ಲಿ ಎರಡು ಸುತ್ತಿಗೆ ಕಚ್ಚಿಕೊಳ್ಳುವ ಕೊನೆಯ ಗಂಟು ಇದರಲ್ಲಿ ಮೆಲ್ಲಗೆ ಜಾರುತ್ತದೆ. ಮೂರನೆಯ ಸುತ್ತು ಹಾಕಿ, ಗೇಣುದ್ದ ತುದಿ ಬಿಟ್ಟರೆ ನಿಲ್ಲುತ್ತದೆ. ಕುಣಿಕೆಯಲ್ಲಿ ಸರ್ರನೆ ಎಳೆಯಬಾರದು, ಏಕೆಂದರೆ ಸುಮಾರು 165 ಡಿಗ್ರಿಗೆ ಕರಗುವ ಈ ನೂಲು ಉಜ್ಜಿದ ಬಿಸಿಗೇ ಮೆತ್ತಗಾಗಿ ಹೊಳಪು ಕಲೆ ಕಟ್ಟುತ್ತದೆ. ಅಂಥ ಜಾಗವನ್ನು ಮುಂದೆ ನಂಬುವಂತಿಲ್ಲ.

ಪೆಂಡಿಗಳು ರಸ್ತೆಯ ಕುಲುಕಾಟಕ್ಕೆ ಕುಸಿದು ಕೂರುವುದರಿಂದ, ಎಷ್ಟೇ ಜಗ್ಗಿ ಕಟ್ಟಿದ್ದರೂ ಹೊರಟ ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಗುತ್ತದೆ. ನೈಲಾನ್ ಹೆಚ್ಚು ಹಿಗ್ಗುವ ಕಾರಣ ಈ ಕುಸಿತವನ್ನು ಕೊಂಚ ತುಂಬಿಕೊಡುತ್ತದೆ. ಈ ನೀಲಿ ಹಗ್ಗವನ್ನಾದರೆ ದಾರಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯಲೇಬೇಕು. ಟ್ರೇಲರಿನ ಕಬ್ಬಿಣದ ಅಂಚಿಗೆ ತಾಗುವಲ್ಲಿ ಮಡಚಿದ ಗೋಣಿಚೀಲ ಇಟ್ಟ ಹಗ್ಗದ ಎಳೆಗಳು ಇನ್ನೂ ನೆಟ್ಟಗಿವೆ, ಇಡದ ಹಗ್ಗ ಅದೇ ಸುಗ್ಗಿಯಲ್ಲಿ ಜುಂಗು ಜುಂಗಾಗಿದೆ.

ಬಿಸಿಲು ಇದರ ದೊಡ್ಡ ಶತ್ರು. ಬಣ್ಣ ಮಾಸಿ, ಕೈಗೆ ಚುಚ್ಚುವ ಪುಡಿ ಉದುರತೊಡಗಿದರೆ ಆ ಹಗ್ಗವನ್ನು ಹೇರಿಗೆ ಬಳಸಬಾರದು. ಬಳ್ಳಿ ಹಬ್ಬಿಸಲು ಸಾಕು.

ಹುಲ್ಲಿಗೆ, ಧಾನ್ಯದ ಚೀಲಗಳಿಗೆ ಇದನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಪವರ್ ಟಿಲ್ಲರ್, ಪಂಪ್‌ಸೆಟ್‌ಗಳಂಥ ಗಟ್ಟಿ ಭಾರಕ್ಕೆ ಮಾತ್ರ ಅಷ್ಟಾಗಿ ಹಿಗ್ಗದ, ಹಿಡಿಯಾಡಿಸಿ ಬಿಗಿಯುವ ಪಾಲಿಯೆಸ್ಟರ್ ರ್‍ಯಾಚೆಟ್ ಬೆಲ್ಟೇ ಮೇಲು, ಬೆಲೆ ಹೆಚ್ಚಾದರೂ ಸರಿ.