ನಕ್ಷೆಗೆ ಯಾವ ಫಾಂಟ್, ವಿನ್ಯಾಸ ಪ್ರಸ್ತುತಿಗೆ ಯಾವುದು?
ಚಿಕ್ಕಮಗಳೂರಿನ ತೋಟದ ಮನೆಯ ನಕ್ಷೆಯನ್ನು ಮಾಲೀಕರಷ್ಟೇ ಮೇಸ್ತ್ರಿಯೂ ಓದಬೇಕಾಗುವುದರಿಂದ, ಫಾಂಟ್ ಆರಿಸುವಾಗ ಅಂದಕ್ಕಿಂತ ಓದಲು ಸುಲಭವೇ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನ ಎಸ್‌ಎಚ್‌ಎಕ್ಸ್ ಎಂಬ ಬಗೆಯ ಫಾಂಟ್‌ಗಳಲ್ಲಿ ಸಿಂಪ್ಲೆಕ್ಸ್, ರೋಮನ್ಸ್‌ನಂಥವು ಒಂಟಿ ಗೆರೆಯವು. ಅಳತೆಯ ಅಂಕಿಗಳಿಗೆ ಇಂದಿಗೂ ಅವೇ ಚೆನ್ನ. ಆದರೆ ಅವುಗಳಲ್ಲಿ ಕನ್ನಡವಿಲ್ಲ. ಕೋಣೆಗಳ ಹೆಸರನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ಫಾಂಟ್‌ನಲ್ಲಿ ಬರೆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಅಡುಗೆ ಮನೆ’ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ನೋಟೋ ಸ್ಯಾನ್ಸ್ ಕನ್ನಡಕ್ಕೆ ಈ ತೊಂದರೆಯಿಲ್ಲ. ಅದು ಯೂನಿಕೋಡ್ ಫಾಂಟ್, ಉಚಿತವಾಗಿ ಸಿಗುತ್ತದೆ, ತೆಳುವಿನಿಂದ ದಪ್ಪದವರೆಗೆ ಹಲವು ರೂಪಗಳಲ್ಲಿದೆ.

ಅಕ್ಷರಗಳ ಎತ್ತರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮುದ್ರಿತ ಹಾಳೆಯಲ್ಲಿ 2.5 ಮಿ.ಮೀ. ಎತ್ತರ, ಅಂದರೆ 1:100ರ ನಕ್ಷೆಗೆ ಮಾಡೆಲ್ ಸ್ಪೇಸ್‌ನಲ್ಲಿ (ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುವ ಕಡೆ) 250 ಮಿ.ಮೀ., ಇಂಗ್ಲಿಷಿಗೆ ಸಾಕಾಗುತ್ತದೆ, ಕನ್ನಡಕ್ಕೆ ಸಾಲದು. ‘ಬಚ್ಚಲು’ ಎಂದು ಬರೆದು ನೋಡಿ: ಒತ್ತಕ್ಷರ ಕೆಳಗಿಳಿದು ಅಳತೆಯ ಗೆರೆಗೆ ತಾಗುತ್ತದೆ, ಜೆರಾಕ್ಸ್ ಪ್ರತಿಯಲ್ಲಿ ಎರಡೂ ಕಲೆಸಿಹೋಗುತ್ತವೆ. ಆದ್ದರಿಂದ 3.5 ಮಿ.ಮೀ. ಇಟ್ಟು, ಸಾಲುಗಳ ನಡುವಣ ಅಂತರವನ್ನೂ ಹೆಚ್ಚಿಸುವುದು ಒಳ್ಳೆಯದು.

ಪ್ರಸ್ತುತಿಯ ಹಾಳೆಗಳಿಗೆ ನಾನು ಅನೇಕ್ ಕನ್ನಡ ಎಂಬ ಫಾಂಟನ್ನು ಮೆಚ್ಚುತ್ತೇನೆ. ಅಕ್ಷರದ ಅಗಲವನ್ನೂ ದಪ್ಪವನ್ನೂ ಹೊಂದಿಸಬಹುದಾದ್ದರಿಂದ ಉದ್ದದ ಶೀರ್ಷಿಕೆಯೂ ಕಿರಿದಾದ ಜಾಗದಲ್ಲಿ ಕೂರುತ್ತದೆ. ಬಾಲೂ ತಮ್ಮ ಎಂಬ ಫಾಂಟ್‌ನ ದುಂಡು ಅಕ್ಷರಗಳು ಅಂಗಡಿಯ ಫಲಕಕ್ಕೆ ಹಿತವಾದರೂ, ಎಲಿವೇಷನ್‌ನ (ಕಟ್ಟಡದ ಹೊರನೋಟದ ಚಿತ್ರದ) ಸೂಕ್ಷ್ಮ ಗೆರೆಗಳ ಪಕ್ಕದಲ್ಲಿ ತೀರಾ ಭಾರವೆನಿಸುತ್ತವೆ. ಎರಡೂ ಕಡೆ ಒಂದೇ ಫಾಂಟ್ ಸಾಕೆನ್ನುವವರು ನೋಟೋವನ್ನೇ ಆರಿಸಿ, ಪಿಡಿಎಫ್ ಮಾಡುವಾಗ ಫಾಂಟ್ ಅದರೊಳಗೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.