ಮರ್ಖಾ ಕಣಿವೆ: ಟೆಂಟಿನ ಗುಂಪೋ, ಹಳ್ಳಿಯವರ ಮನೆಯೋ?

ಲಡಾಖ್‌ನ ಮರ್ಖಾ ಕಣಿವೆಯನ್ನು ನಾನು ಎರಡು ಬಗೆಯಲ್ಲಿ ನಡೆದಿದ್ದೇನೆ. ಮೊದಲು ಒಂದು ಕಂಪನಿಯ ದೊಡ್ಡ ಗುಂಪಿನ ಜೊತೆ: ಟೆಂಟು, ಅಡುಗೆಯವರು, ಸಾಮಾನು ಹೊರುವ ಕುದುರೆಗಳು, ಮುಂದೊಬ್ಬ ಹಿಂದೊಬ್ಬ ಲೀಡರ್. ಆಮೇಲೆ ಇಬ್ಬರು ಗೆಳೆಯರ ಜೊತೆ. ಲೇಹ್‌ನಲ್ಲಿ ಒಬ್ಬ ಲಡಾಖಿ ಗೈಡ್‌ನನ್ನು ಗೊತ್ತು ಮಾಡಿಕೊಂಡು, ರಾತ್ರಿಗೆ ಹಳ್ಳಿಯವರ ಮನೆಯಲ್ಲೇ ಉಳಿದು. ದಾರಿ ಮಾತ್ರ ಒಂದೇ. ಚಿಲ್ಲಿಂಗ್ ಕಡೆಯಿಂದ ಒಳಹೊಕ್ಕು ಸ್ಕಿಯು, ಮರ್ಖಾ, ಹಂಕರ್, ನಿಮಾಲಿಂಗ್. ಅಲ್ಲಿಂದ ಕೊಂಗ್ಮಾರು ಲಾ ಅನ್ನುವ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ದಾಟಿ ಶಾಂಗ್ ಸುಮ್ದೊ.

ಯಾವುದು ಚೆನ್ನಾಗಿತ್ತು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ಹಂಕರ್ ತನಕ ಮನೆ, ಹಂಕರ್ ಆಚೆ ಟೆಂಟು. ಇದನ್ನು ಕೇಳಿ ಜನ ನಗುತ್ತಾರೆ. ಎರಡರಲ್ಲಿ ಒಂದನ್ನು ಹೇಳಪ್ಪ ಅಂತಾರೆ. ಆದರೆ ಆ ಕಣಿವೆಯ ಎತ್ತರವೇ ಹಾಗಿದೆ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸ್ಕಿಯು ಅದಕ್ಕಿಂತ ಚೂರು ಕೆಳಗೆ. ಮರ್ಖಾ ಹಳ್ಳಿ 3,700ರ ಆಸುಪಾಸು, ಹಂಕರ್ 4,000ದ ಹತ್ತಿರ. ಲೇಹ್‌ನಲ್ಲಿ ಎರಡು ಮೂರು ದಿನ ಸುಮ್ನೆ ಓಡಾಡಿಕೊಂಡು ಇದ್ದವರಿಗೆ ಇಲ್ಲಿಯವರೆಗೆ ದೊಡ್ಡ ತೊಂದರೆ ಆಗುವುದು ಕಮ್ಮಿ. ನದಿ ಪಕ್ಕದ ನಡಿಗೆ, ಬಾರ್ಲಿ ಹೊಲ, ವಿಲೋ ಮರಗಳ ನೆರಳು. ನಡುನಡುವೆ ಹಳ್ಳಿಯ ಹೆಂಗಸರು ಹಳೆಯ ಪ್ಯಾರಾಶೂಟ್ ಬಟ್ಟೆಯ ಕೆಳಗೆ ಇಟ್ಟುಕೊಂಡಿರುವ ಚಹಾ ಅಂಗಡಿ. ಈಗಂತೂ ಮಣ್ಣಿನ ರಸ್ತೆ ಸ್ಕಿಯು ದಾಟಿ ಒಳಕ್ಕೆ ಬಂದಿದೆ.

ಇಂಥ ಕಡೆ ಟೆಂಟು ಯಾಕೆ ಬೇಕು? ಗುಂಪಿನಲ್ಲಿದ್ದಾಗ ನನಗೆ ಕಾಡಿದ ಪ್ರಶ್ನೆ ಇದೇ. ಹಳ್ಳಿ ಕಣ್ಣೆದುರಿಗಿತ್ತು, ಮನೆಗಳ ಹೊಗೆ ಕಾಣುತ್ತಿತ್ತು. ನಾವು ಮಾತ್ರ ಲೇಹ್‌ನಿಂದ ಹೊತ್ತು ತಂದ ಆಲೂಗಡ್ಡೆಯನ್ನು ಊರಾಚೆಯ ಬಯಲಿನಲ್ಲಿ ಬೇಯಿಸಿ ತಿನ್ನುತ್ತಿದ್ದೆವು. ಊಟ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಬಿಸಿ ಸೂಪು, ಅನ್ನ, ದಾಲು, ಚಪಾತಿ, ಕೊನೆಗೊಂದು ಸಿಹಿ. ಆದರೆ ಆ ಕಣಿವೆಯಲ್ಲಿ ಯಾರು ಇದ್ದಾರೆ, ಏನು ಬೆಳೆಯುತ್ತಾರೆ ಅನ್ನುವುದು ಗುಂಪಿನ ಯಾರಿಗೂ ತಿಳಿಯಲಿಲ್ಲ.

ಮನೆಯಲ್ಲಿ ಉಳಿದಾಗ ಅಡುಗೆಮನೆಯೇ ಬೈಠಕ್ಕು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ತಾಮ್ರ ಹಿತ್ತಾಳೆಯ ಪಾತ್ರೆಗಳು. ನಡುವೆ ಕಬ್ಬಿಣದ ದೊಡ್ಡ ಒಲೆ. ಒಲೆಗೆ ಒಣಗಿದ ಸಗಣಿ. ಮನೆಯಾಕೆ ಗೋಧಿ ಹಿಟ್ಟಿನ ಸಣ್ಣ ಉಂಡೆಯನ್ನು ಅಂಗೈ ಮೇಲಿಟ್ಟು ಹೆಬ್ಬೆರಳಿನಿಂದ ಒಂದು ಸಲ ಒತ್ತುತ್ತಿದ್ದರು. ಅದು ಪುಟ್ಟ ಬಟ್ಟಲಾಗಿ ಪಾತ್ರೆಗೆ ಬೀಳುತ್ತಿತ್ತು. ಟರ್ನಿಪ್, ಆಲೂಗಡ್ಡೆ, ಸೊಪ್ಪಿನ ಜೊತೆ ಬೇಯುವ ಸ್ಕ್ಯೂ ಅದು. ನಾನೂ ಒತ್ತಿ ನೋಡಿದೆ. ನನ್ನವೆಲ್ಲ ದಪ್ಪಗಾದವು. ಅಜ್ಜಿ ಅವನ್ನು ಎತ್ತಿ ಎತ್ತಿ ಮತ್ತೆ ಒತ್ತಿ ಹಾಕಿದರು, ಮಾತಿಲ್ಲ, ಬರೀ ನಗು. ಗೈಡ್ ಇಲ್ಲದಿದ್ದರೆ ನಮ್ಮ ಮಾತುಕತೆ 'ಜುಲೆ' ಅನ್ನುವ ಲಡಾಖಿ ನಮಸ್ಕಾರದಲ್ಲೇ ಮುಗಿಯುತ್ತಿತ್ತು. ಅವನಿದ್ದ ಕಾರಣ ರಾತ್ರಿ ಕುರಿದೊಡ್ಡಿಗೆ ನುಗ್ಗುವ ಹಿಮಚಿರತೆಯ ಕತೆಯೂ ಸಿಕ್ಕಿತು.

ಈ ಕತೆಗೂ ನಾವು ಮಲಗಿದ ಹಾಸಿಗೆಗೂ ನಂಟಿದೆ. ಮರ್ಖಾ ಇರುವುದು 1981ರಲ್ಲಿ ಶುರುವಾದ ಹೆಮಿಸ್ ರಾಷ್ಟ್ರೀಯ ಉದ್ಯಾನದ ಒಳಗೆ. ಹಿಮಚಿರತೆ, ತೋಳ ಸಾಕುಪ್ರಾಣಿಗಳನ್ನು ಕೊಂದರೆ ನಷ್ಟ ಹಳ್ಳಿಯವರಿಗೇ. 2000ದ ದಶಕದ ಆರಂಭದಲ್ಲಿ ಲಡಾಖ್‌ನ ವನ್ಯಜೀವಿ ಸಂರಕ್ಷಕ ರಿಂಚೆನ್ ವಾಂಗ್‌ಚುಕ್ ಮತ್ತು ಸ್ನೋ ಲೆಪರ್ಡ್ ಕನ್ಸರ್ವೆನ್ಸಿ ಸಂಸ್ಥೆ ಈ ಭಾಗದಲ್ಲಿ ಹೋಮ್‌ಸ್ಟೇ ಕಟ್ಟಿದ್ದು ಅದಕ್ಕೇ. ಚಿರತೆ ಬದುಕಿದ್ದರೆ ಹಳ್ಳಿಯವರಿಗೂ ನಾಲ್ಕು ಕಾಸು ಬರಲಿ ಅಂತ. ದೊಡ್ಡಿಗಳಿಗೆ ತಂತಿ ಬಲೆಯ ಚಾವಣಿ ಹಾಕಿಸುವ ಕೆಲಸವೂ ಜೊತೆಗೇ ನಡೆಯಿತು. ಅತಿಥಿಗಳನ್ನು ಸರದಿ ಪ್ರಕಾರ ಮನೆಗಳಿಗೆ ಹಂಚುವ ಪದ್ಧತಿಯೂ ಇದೆ. ಹಾಗಾಗಿ ನಿಮಗೆ ಬೇಕಾದ ಮನೆಯೇ ಸಿಗುತ್ತದೆ ಅಂತಲ್ಲ. ನನಗೆ ಅದು ಸರಿಯಾಗಿಯೇ ಕಂಡಿತು.

ಶೌಚಾಲಯದ ವಿಷಯ ಎಲ್ಲರೂ ಕೇಳುತ್ತಾರೆ, ನಾಚಿಕೆಪಟ್ಟುಕೊಂಡು. ಗುಂಪಿನದು ಜಿಪ್ ಇರುವ ಸಣ್ಣ ಟೆಂಟು, ಒಳಗೆ ಗುಂಡಿ, ಗಾಳಿ ಬಂದರೆ ದೇವರೇ ಗತಿ. ಮನೆಗಳದು ಲಡಾಖಿ ಒಣ ಶೌಚಾಲಯ: ಮಹಡಿಯಲ್ಲಿ ಒಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಮುಗಿಸಿ ಮಣ್ಣು ತಳ್ಳಿದರೆ ಆಯ್ತು, ಕೆಳಗೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನನ್ನ ವೋಟು ಸಲಿಕೆಗೆ.

ನಡಿಗೆಯ ವೇಗದಲ್ಲೂ ಮೂರು ಜನರ ತಂಡವೇ ವಾಸಿ. ಮರ್ಖಾ ನದಿಯನ್ನು ಕೆಲವು ಕಡೆ ನೀರಿಗಿಳಿದೇ ದಾಟಬೇಕಾಗಬಹುದು. ಮೇಲಿನ ಹಿಮ ಬಿಸಿಲಿಗೆ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ, ಬೆಳಿಗ್ಗೆ ದಾಟುವುದು ಕ್ಷೇಮ. ದೊಡ್ಡ ಗುಂಪು ನೀರಿನ ಹತ್ತಿರ ಬಂತು ಅಂದರೆ ಮದುವೆ ಮನೆಯವರು ಬಸ್ ಹತ್ತಿದ ಹಾಗೆ. ಒಬ್ಬರ ಶೂ ಬಿಚ್ಚಿಲ್ಲ, ಒಬ್ಬರ ಚಪ್ಪಲಿ ಕುದುರೆ ಮೇಲಿನ ಬ್ಯಾಗಿನಲ್ಲಿ, ಒಬ್ಬರಿಗೆ ಫೋಟೋ ಬೇಕು. ಅಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಆದರೆ ನೀರು ನಿಜಕ್ಕೂ ಜೋರಾಗಿದ್ದರೆ ಹಗ್ಗ ಹಿಡಿಯಲು ಇಬ್ಬರು ಲೀಡರ್‌ಗಳು, ದಾಟಿಸಲು ಕುದುರೆ ಇರುವ ಗುಂಪೇ ಮೇಲು.

ಹಂಕರ್ ದಾಟಿದ ಮೇಲೆ ನನ್ನ ವೋಟು ಪೂರ್ತಿ ಬದಲಾಗುತ್ತದೆ. ಮುಂದೆ ಹಳ್ಳಿಗಳಿಲ್ಲ. ನಿಮಾಲಿಂಗ್ ಸುಮಾರು 4,800 ಮೀಟರ್ ಎತ್ತರದ ಬೇಸಿಗೆಯ ಹುಲ್ಲುಗಾವಲು. ಎದುರಿಗೆ ಸುಮಾರು 6,400 ಮೀಟರ್ ಎತ್ತರದ ಕಾಂಗ್ ಯಾತ್ಸೆ ಶಿಖರ. ಸೀಸನ್‌ನಲ್ಲಿ ಸ್ಥಳೀಯರು ಅಲ್ಲಿ ಟೆಂಟು ಹಾಕಿರುತ್ತಾರೆ, ಮನೆವಾಸದವರೂ ಅಲ್ಲೇ ಮಲಗಬೇಕು. ಅಂದರೆ ಹಂಕರ್‌ನಿಂದ ಒಂದೇ ದಿನಕ್ಕೆ ಹತ್ತಿರ ಹತ್ತಿರ 800 ಮೀಟರ್ ಏರಿಕೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಎತ್ತರದ ಕಾಯಿಲೆಯ ಮೂಲಪಾಠ. ಟೆಂಟು ಹೊತ್ತ ಗುಂಪು ನಡುವೆ ಥಾಚುಂಗ್‌ಸೆಯಲ್ಲಿ, 4,250ರ ಆಸುಪಾಸಿನಲ್ಲಿ, ಒಂದು ರಾತ್ರಿ ಕಳೆಯುತ್ತದೆ. ಈ ಒಂದು ರಾತ್ರಿ ಬಹಳ ದೊಡ್ಡದು. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರು ಇದನ್ನು ಕೇಳಿ ಹುಬ್ಬೇರಿಸಬಹುದು. ಅದು 1,712 ಮೀಟರ್, ಅಲ್ವಾ? ಕಾಲಿನ ಕಸುವಿಗೂ ಗಾಳಿ ತೆಳುವಾದಾಗ ತಲೆ ಸಿಡಿಯುವುದಕ್ಕೂ ಸಂಬಂಧವೇ ಇಲ್ಲ.

ಗುಂಪಿನಲ್ಲಿದ್ದಾಗ ದಿನಾ ಸಂಜೆ ಊಟದ ಟೆಂಟಿನಲ್ಲಿ ಬೆರಳಿಗೆ ಆಕ್ಸಿಮೀಟರ್ (ರಕ್ತದಲ್ಲಿನ ಆಮ್ಲಜನಕ ಅಳೆಯುವ ಉಪಕರಣ) ಹಾಕುತ್ತಿದ್ದರು. ಅದೊಂದು ತಮಾಷೆ. ಜನ ತಮ್ಮ ಸರದಿಗೆ ಮೊದಲು ಬಿಸಿ ಲೋಟಕ್ಕೆ ಬೆರಳೊತ್ತಿ ಕಾಯಿಸಿಕೊಳ್ಳುವುದು, ಕದ್ದು ಕದ್ದು ದೀರ್ಘ ಉಸಿರೆಳೆಯುವುದು. ತಣ್ಣನೆಯ ಬೆರಳಲ್ಲಿ ಅಂಕಿ ಸರಿಯಾಗಿ ಬರಲ್ಲ ಅನ್ನುವುದೇನೋ ನಿಜ, ಆದರೆ ಇದು ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆಯೇ ಇತ್ತು. ನಮ್ಮ ಲೀಡರ್ ಅಂಕಿಗಿಂತ ಜಾಸ್ತಿ ತಟ್ಟೆ ನೋಡುತ್ತಿದ್ದ. ಊಟ ಬಿಟ್ಟವರನ್ನು ಬದಿಗೆ ಕರೆದು ಕೇಳುತ್ತಿದ್ದ. ಥಾಚುಂಗ್‌ಸೆಯಲ್ಲಿ ಒಬ್ಬರು ವಾಂತಿ ಮಾಡಿಕೊಂಡಾಗ ಬೆಳಗಿನ ತನಕ ಕಾಯಲಿಲ್ಲ. ಆವತ್ತೇ ಸಂಜೆ ಇನ್ನೊಬ್ಬ ಲೀಡರ್ ಜೊತೆ ಹಂಕರ್‌ಗೆ ಇಳಿಸಿದ. ಉಳಿದವರ ನಡಿಗೆ ನಿಲ್ಲಲಿಲ್ಲ.

ಮೂವರಿಗೆ ಒಬ್ಬನೇ ಗೈಡ್ ಇದ್ದಾಗ ಈ ಆಟ ನಡೆಯದು. ನಿಮಾಲಿಂಗ್‌ನಲ್ಲಿ ಗೆಳೆಯನಿಗೆ ತಲೆನೋವು ಹಿಡಿಯಿತು, ಊಟ ಬೇಡ ಅಂದ. ಅವನು ಇಳಿಯಬೇಕಾದರೆ ಎಲ್ಲರೂ ಇಳಿಯಬೇಕು. ಗೈಡ್ ಒಂದೇ ಮಾತು ಹೇಳಿದ: ನಾಳೆ ಪಾಸ್ ಇಲ್ಲ, ತಲೆನೋವು ಜಾಸ್ತಿಯಾದರೆ ರಾತ್ರಿಯಾದರೂ ಕೆಳಗೆ. ಮರುದಿನ ಅಲ್ಲೇ ಉಳಿದೆವು, ಸರಿಹೋಯಿತು, ಅದರ ಮರುದಿನ ದಾಟಿದೆವು. ಗುಂಪಿನ ವೇಳಾಪಟ್ಟಿಯಲ್ಲಿ ಆ ಬಿಡುವಿನ ದಿನ ಇರುವುದೇ ಕಷ್ಟ, ಇದೂ ನಿಜ. ಆದರೂ ಸುಮಾರು 5,200 ಮೀಟರ್ ಎತ್ತರದ ಪಾಸ್‌ಗೆ ಮುನ್ನ, ಪಕ್ಕದಲ್ಲಿ ಎರಡನೇ ಲೀಡರ್, ಕುದುರೆ, ಆಕ್ಸಿಜನ್ ಸಿಲಿಂಡರ್ ಇವೆ ಅನ್ನುವ ಧೈರ್ಯವೇ ಬೇರೆ.

ಇನ್ನು ದುಡ್ಡು. ಮನೆಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಅಂತ, ಊಟ ಸೇರಿಸಿ. ಚೌಕಾಸಿ ಇಲ್ಲ. ಎಟಿಎಂ ಕಣಿವೆಯಲ್ಲಿ ಇಲ್ಲ, ನಗದು ಲೇಹ್‌ನಿಂದಲೇ ಒಯ್ಯಬೇಕು. ಆದರೆ ಗೈಡ್‌ನ ದಿನಗೂಲಿ, ಹೋಗಿಬರುವ ಟ್ಯಾಕ್ಸಿ ಇವೆರಡನ್ನು ತಲೆಗೆ ಭಾಗಿಸಿದಾಗ ಲೆಕ್ಕ ಉಲ್ಟಾ ಆಗಬಹುದು. ಇಬ್ಬರೇ ಇದ್ದರೆ ಗುಂಪಿನ ದರಕ್ಕೆ ಹತ್ತಿರ ಬರುತ್ತದೆ. ನಾಲ್ವರಾದರೆ ಮನೆವಾಸ ಅಗ್ಗ.

ಎರಡನ್ನೂ ಬೆಸೆಯಲು ದಾರಿ ಇದೆ. ಹಂಕರ್ ತನಕ ಮನೆಗಳಲ್ಲಿ ಉಳಿದು, ಆಚೆಗೆ ಒಂದು ಕುದುರೆ, ಕುದುರೆಯವನು, ಎರಡು ಟೆಂಟು ಬೇಕು ಅಂತ ಲೇಹ್‌ನಲ್ಲೇ ಮಾತಾಡಿಕೊಳ್ಳಿ. ಖರ್ಚು ಏರುತ್ತದೆ, ಥಾಚುಂಗ್‌ಸೆಯ ರಾತ್ರಿ ಸಿಗುತ್ತದೆ. ಗುಂಪಿನಲ್ಲೇ ಹೋಗುವವರು ದುಡ್ಡು ಕಟ್ಟುವ ಮೊದಲು ಮೂರು ಕೇಳಿ: ಥಾಚುಂಗ್‌ಸೆಯಲ್ಲಿ ನಿಲ್ಲುತ್ತೀರಾ? ಎಷ್ಟು ಜನಕ್ಕೆ ಒಬ್ಬ ಲೀಡರ್? ಹುಷಾರಿಲ್ಲದವರನ್ನು ಇಳಿಸಲು ಜೊತೆಗೆ ಯಾರು ಬರುತ್ತಾರೆ? ಮೂರನೆಯದಕ್ಕೆ "ನೋಡೋಣ ಸಾರ್" ಅಂದರೆ ಬೇರೆ ಕಂಪನಿ ಹುಡುಕಿ.